ಏಳು ಗಂಟೆ, ಒಂದು ಹೊಳೆ: ನನ್ನ ಓದಿನ ಲೆಕ್ಕ

ನವೆಂಬರ್ 9, ಮುನಿರಾಬಾದ್

ಇವತ್ತು ಶುರು ಮಾಡಿದೆ. ಇನ್ನೂರು ಪುಟದ ನೋಟ್‌ಬುಕ್ ಒಂದು, ಇಂಗ್ಲಿಷ್ ಕಾದಂಬರಿ ಮೂರು. ಆಸ್ಟ್ರೇಲಿಯಾದ ಗಾರ್ತ್ ನಿಕ್ಸ್ ಬರೆದ ‘ಓಲ್ಡ್ ಕಿಂಗ್‌ಡಮ್’ ಸರಣಿಯವು. ಮೊದಲನೆಯದು ‘ಸಬ್ರಿಯೆಲ್’, 1995ರದು. ಎರಡನೆಯದು ‘ಲಿರೇಲ್’, 2001. ಮೂರನೆಯದು ‘ಅಬ್‌ಹಾರ್ಸನ್’, 2003. ಆಮೇಲೆ ಬಂದ ಭಾಗಗಳೂ ಇವೆ, ಸದ್ಯಕ್ಕೆ ಅವನ್ನು ಮುಟ್ಟುವುದಿಲ್ಲ. ಜೊತೆಗೆ ಕೆಲಸ ಮಾಡುವ ಗೆಳತಿ ಕೊಟ್ಟ ಪುಸ್ತಕಗಳು, ನಿಧಾನಕ್ಕೆ ಓದಿ ಕೊಡು ಅಂದಿದ್ದಾಳೆ.

ರಾತ್ರಿ ಒಂದು ಅಧ್ಯಾಯ ಓದಬೇಕು. ಮರುದಿನ ಊಟ ಆದ ಮೇಲೆ ಅದನ್ನು ತಮ್ಮನಿಗೆ ಕನ್ನಡದಲ್ಲಿ ಹೇಳಬೇಕು. ಅವನು ಒಂಬತ್ತನೇ ಕ್ಲಾಸ್, ಇಂಗ್ಲಿಷ್ ಪಾಠದ ಪುಸ್ತಕ ಬಿಟ್ಟು ಬೇರೆ ಓದಿಲ್ಲ. ಒಂದು ಪುಸ್ತಕ ಮುಗಿದಾಗ ಅವನ ವಯಸ್ಸಿನವರಿಗೆ ತಿಳಿಯುವ ಹಾಗೆ ಒಂದು ವಿಮರ್ಶೆ ಬರೆಯಬೇಕು. ಇಷ್ಟೇ ಕೆಲಸ.

ಯಾಕೆ ಇವೇ ಪುಸ್ತಕ ಅಂದರೆ, ಮಾರ್ಚ್‌ನಲ್ಲಿ ಅಪ್ಪ ತೀರಿಕೊಂಡ. ಆಗಿನಿಂದ ತಮ್ಮ ಕ್ರಿಕೆಟ್ ಮಾತಾಡುತ್ತಾನೆ, ಶಾಲೆ ಮಾತಾಡುತ್ತಾನೆ, ಅಪ್ಪನ ಮಾತು ಮಾತ್ರ ಎತ್ತುವುದಿಲ್ಲ. ನಾನೂ ಎತ್ತುವುದಿಲ್ಲ. ಈ ಕಥೆಯಲ್ಲಿ ಒಬ್ಬ ಹುಡುಗಿ ಅಪ್ಪನನ್ನು ಹುಡುಕಿಕೊಂಡು ಸಾವಿನ ಒಳಗೇ ಹೋಗುತ್ತಾಳೆ. ಅಷ್ಟು ಗೊತ್ತಾದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ನವೆಂಬರ್ 15

ನಾಲ್ಕು ಅಧ್ಯಾಯ ಆಯಿತು. ತಮ್ಮ ಮೊದಲ ದಿನ ಮೊಬೈಲ್ ಹಿಡಿದುಕೊಂಡೇ ಕೇಳಿದ. ಎರಡನೇ ದಿನ ಕೆಳಗಿಟ್ಟ.

ಕಥೆಯ ಜಾಗ ಹೀಗಿದೆ. ಒಂದು ದೊಡ್ಡ ಗೋಡೆ. ಗೋಡೆಯ ದಕ್ಷಿಣಕ್ಕೆ ಟೆಲಿಫೋನ್, ಮೋಟಾರು ಗಾಡಿ, ಸೈನ್ಯ ಎಲ್ಲ ಇರುವ ದೇಶ. ಉತ್ತರಕ್ಕೆ ಹಳೆಯ ರಾಜ್ಯ, ಅಲ್ಲಿ ಮಂತ್ರ ನಡೆಯುತ್ತದೆ, ಯಂತ್ರ ನಡೆಯುವುದಿಲ್ಲ. ಉತ್ತರದ ಗಾಳಿ ಬೀಸಿದರೆ ಈ ಕಡೆಯ ಇಂಜಿನ್‌ಗಳೂ ನಿಂತುಬಿಡುತ್ತವೆ. ಸಬ್ರಿಯೆಲ್‌ಗೆ 18 ವರ್ಷ, ದಕ್ಷಿಣದ ಒಂದು ಹಾಸ್ಟೆಲ್ ಶಾಲೆಯಲ್ಲಿ ಕೊನೆಯ ವರ್ಷ. ಒಂದು ರಾತ್ರಿ ಅವಳ ಅಪ್ಪನ ಕತ್ತಿ ಮತ್ತು ಗಂಟೆಗಳನ್ನು ಸಿಕ್ಕಿಸಿದ ಎದೆಪಟ್ಟಿ ಅವಳ ಹತ್ತಿರ ಬಂದು ಸೇರುತ್ತವೆ. ತಂದುಕೊಟ್ಟದ್ದು ಮನುಷ್ಯ ಅಲ್ಲ. ಅಪ್ಪ ಸಾವಿನೊಳಗೆ ಎಲ್ಲೋ ಸಿಕ್ಕಿಕೊಂಡಿದ್ದಾನೆ ಅಂತ ಅವಳಿಗೆ ಆಗ ಗೊತ್ತಾಗುತ್ತದೆ.

ಅದಕ್ಕಿಂತ ಮುಂಚೆ ಒಂದು ಸಣ್ಣ ಪೀಠಿಕೆ ಇದೆ. ಸಬ್ರಿಯೆಲ್ ಹುಟ್ಟುವಾಗಲೇ ಉಸಿರಿಲ್ಲ. ಅವಳ ಅಪ್ಪ ಸಾವಿನೊಳಗೆ ನಡೆದು ಹೋಗಿ ಕೂಸನ್ನು ವಾಪಸ್ ತರುತ್ತಾನೆ. ಅಂದರೆ ಮಗಳು ಈಗ ಮಾಡಲು ಹೊರಟಿರುವುದು ಅಪ್ಪ ಅವಳಿಗಾಗಿ ಒಮ್ಮೆ ಮಾಡಿದ್ದೇ. ಇದನ್ನು ಲೇಖಕರು ಎಲ್ಲೂ ಬಿಡಿಸಿ ಹೇಳುವುದಿಲ್ಲ. ತಮ್ಮನೇ ಕಂಡುಹಿಡಿದ. ವಿಮರ್ಶೆಯಲ್ಲಿ ಅವನ ಮಾತನ್ನೇ ಹಾಕುತ್ತೇನೆ.

ನವೆಂಬರ್ 19

ಈ ವಾರ ಪೂರ್ತಿ ಶಬ್ದಗಳ ಜೊತೆ ಗುದ್ದಾಟ.

ಈ ಪುಸ್ತಕದಲ್ಲಿ ಸಾವು ಒಂದು ಜಾಗ. ತಣ್ಣನೆಯ ಬೂದು ಹೊಳೆ. ಸೆಳವು ಕಾಲನ್ನು ಎಳೆಯುತ್ತಲೇ ಇರುತ್ತದೆ. ನಾನು ಮೊದಲು ‘ವೈತರಣಿ’ ಅಂತ ಬರೆದೆ. ಕೈಗೆ ಬಂದ ಮೊದಲ ಶಬ್ದ ಅದೇ ಅಲ್ವಾ. ಎರಡು ದಿನ ಆದ ಮೇಲೆ ಹೊಡೆದುಹಾಕಿದೆ. ವೈತರಣಿಯನ್ನು ದಾಟಬೇಕು, ಅದಕ್ಕೆ ಆಚೆ ದಡ ಇದೆ. ಈ ಹೊಳೆಗೆ ಆಚೆ ದಡ ಇಲ್ಲ. ಅದು ನಿಮ್ಮನ್ನು ಕೆಳಗೆ ಕೆಳಗೆ ಒಯ್ಯುತ್ತದೆ, ಒಂಬತ್ತು ಬಾಗಿಲು ದಾಟಿಸುತ್ತದೆ. ಒಂಬತ್ತನೆಯದರ ಆಚೆಗೆ ಹೋದವರು ತಿರುಗಿ ಬರುವುದಿಲ್ಲ. ಆದ್ದರಿಂದ ಬರೀ ‘ಸಾವಿನ ಹೊಳೆ’ ಅಂತ ಇಟ್ಟುಕೊಂಡೆ.

ಬಾಗಿಲು ಅನ್ನುವುದಕ್ಕೆ ಪುಸ್ತಕದಲ್ಲಿ ‘ಗೇಟ್’ ಅಂತಲೇ ಇದೆ. ತಮ್ಮನಿಗೆ ಹಾಗೇ ಹೇಳಿದೆ. “ಅಕ್ಕಾ, ನಮ್ಮ ಡ್ಯಾಮಿನ ಗೇಟ್ ಇದ್ದಂಗ?” ಅಂದ. ಮುನಿರಾಬಾದಿನ ಹುಡುಗನಿಗೆ ಗೇಟ್ ಅಂದರೆ ತುಂಗಭದ್ರಾ ಡ್ಯಾಮಿನ 33 ಗೇಟೇ. 2024ರ ಆಗಸ್ಟ್ 10ರ ರಾತ್ರಿ ಅದರಲ್ಲಿ 19ನೇ ಗೇಟಿನ ಚೈನ್ ತುಂಡಾಗಿ, ಗೇಟು ನೀರಿನಲ್ಲಿ ಕೊಚ್ಚಿಹೋಗಿತ್ತು. ಮರುದಿನ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ದೂರದಿಂದ ತೋರಿಸಿದ್ದ. ಬೇರೆ ಕಡೆ ನೀರು ಅಳತೆಯಲ್ಲಿ ಬೀಳುತ್ತಿತ್ತು. ಅದೊಂದು ಕಡೆ ಮಾತ್ರ ಹೇಳಿ ಕೇಳದೆ ನುಗ್ಗುತ್ತಿತ್ತು. ಪುಸ್ತಕದ ಗೇಟುಗಳು ಹೀಗಿಲ್ಲ, ಮೊದಲನೆಯದು ಜಲಪಾತದ ಹಾಗಿದೆ. ಆದರೆ ತಮ್ಮನ ಕಣ್ಣಿಗೆ ಬಂದ ಚಿತ್ರವನ್ನು ನಾನು ತಿದ್ದಲಿಲ್ಲ.

ಇನ್ನೊಂದು ಕಷ್ಟದ ಶಬ್ದ, ಸತ್ತು ವಾಪಸ್ ಬರುವವರದು. ‘ದೆವ್ವ’ ಅಂದರೆ ತಮ್ಮ ನಗುತ್ತಾನೆ, ಅವನಿಗೆ ಸಿನಿಮಾ ನೆನಪಾಗುತ್ತದೆ. ‘ಪ್ರೇತ’ ಪುರಾಣದ ಮಾತಾಯಿತು. ‘ಸತ್ತವರು’ ಅನ್ನಲು ನನಗೆ ನಾಲಿಗೆ ಏಳಲಿಲ್ಲ, ಆ ಮಾತಿನಲ್ಲಿ ಅಪ್ಪನೂ ಇದ್ದಾನೆ. ಕೊನೆಗೆ ‘ತಿರುಗಿ ಬಂದವರು’ ಅಂತ ಮಾಡಿಕೊಂಡೆ. ಕಥೆಗೂ ಇದು ಸರಿಯಾಗಿ ಕೂರುತ್ತದೆ. ಅಲ್ಲಿ ಸತ್ತದ್ದು ತಪ್ಪಲ್ಲ, ತಿರುಗಿ ಬಂದದ್ದು ತಪ್ಪು.

ನವೆಂಬರ್ 24

ಇವತ್ತು ಗಂಟೆಗಳ ಅಧ್ಯಾಯ ಹೇಳಿದೆ. ಇದನ್ನು ಉದ್ದಕ್ಕೆ ಬರೆಯುತ್ತೇನೆ.

ಸಬ್ರಿಯೆಲ್ ಎದೆಯ ಮೇಲಿನ ಪಟ್ಟಿಯಲ್ಲಿ ಏಳು ಗಂಟೆ. ಚಿಕ್ಕದರಿಂದ ದೊಡ್ಡದಕ್ಕೆ: ರಾನ್ನಾ ಮಲಗಿಸುವ ಗಂಟೆ. ಮೋಸ್ರೇಲ್ ಎಬ್ಬಿಸುವುದು. ಕಿಬೆತ್ ನಡೆಸುವುದು. ಡೈರಿಮ್ ಮಾತಾಡಿಸುವುದು. ಬೆಲ್ಗೇರ್ ಯೋಚನೆಯನ್ನು, ನೆನಪನ್ನು ವಾಪಸ್ ಕೊಡುವುದು. ಸರನೆತ್ ಕಟ್ಟಿಹಾಕುವುದು. ಏಳನೆಯದು ಆಸ್ಟರೇಲ್, ಅಳುವ ಗಂಟೆ. ಅದನ್ನು ಬಾರಿಸಿದರೆ ಕೇಳಿದವರೆಲ್ಲ ಸಾವಿನೊಳಗೆ ಹೋಗುತ್ತಾರೆ, ಬಾರಿಸಿದವರೂ ಸೇರಿ.

ಗಂಟೆ ಬಾರಿಸುವುದಕ್ಕಿಂತ ಅದನ್ನು ಸುಮ್ಮನಿರಿಸುವುದೇ ದೊಡ್ಡ ವಿದ್ಯೆ ಅನ್ನುವುದು ಪುಸ್ತಕದ ಒಳ್ಳೆಯ ಕಲ್ಪನೆ. ಪಟ್ಟಿಯಿಂದ ತೆಗೆಯುವಾಗ ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದಿರಬೇಕು. ಬಾರಿಸಿದ ಮೇಲೆ ಮತ್ತೆ ಹಿಡಿಯಬೇಕು. ಒಂದು ಸದ್ದು ಹೆಚ್ಚಾದರೂ ಗಂಟೆ ಅವಳ ಮಾತು ಕೇಳುವುದಿಲ್ಲ.

ಇದನ್ನು ಹೇಳುತ್ತಾ ನನ್ನ ಮಾತು ನಿಂತಿತು. ಅಪ್ಪ ಹೈಸ್ಕೂಲಿನಲ್ಲಿ ಜವಾನ ಆಗಿದ್ದ. ಗಂಟೆ ಹೊಡೆಯುವುದು ಅವನ ಕೆಲಸ. ಗಂಟೆ ಅಂದರೆ ಬೇವಿನ ಗಿಡಕ್ಕೆ ತಂತಿಯಲ್ಲಿ ನೇತುಹಾಕಿದ ರೈಲು ಹಳಿಯ ತುಂಡು, ಹೊಡೆಯಲು ಗೇಣುದ್ದದ ಕಬ್ಬಿಣದ ಸರಳು. ಪ್ರಾರ್ಥನೆಗೆ ಒಂದು ತರಹ, ಪೀರಿಯಡ್‌ಗೆ ಒಂದು ತರಹ, ಊಟಕ್ಕೆ ಒಂದು ತರಹ, ಸಂಜೆ ಲಾಂಗ್ ಬೆಲ್. ಹೊಡೆದಾದ ಮೇಲೆ ಅಪ್ಪ ಎಡಗೈಯನ್ನು ಹಳಿಯ ಮೇಲೆ ಅಂಗೈ ಹರವಿ ಒತ್ತುತ್ತಿದ್ದ. ಗುಂಯ್ ಅನ್ನುವುದು ಅಲ್ಲೇ ಕಡಿದುಹೋಗುತ್ತಿತ್ತು. ಆ ಅಂಗೈಯಲ್ಲಿ ಯಾವಾಗಲೂ ಕೆಂಪು ತುಕ್ಕಿನ ಗುರುತು. ಸೋಪು ಹಾಕಿ ತಿಕ್ಕಿದರೂ ಗೆರೆಗಳ ಒಳಗೆ ಉಳಿಯುತ್ತಿತ್ತು.

ನಾನು ಏನೂ ಹೇಳಲಿಲ್ಲ. ತಮ್ಮ ಹೇಳಿದ. “ಒಂದ್ ಶನಿವಾರ ಅಪ್ಪ ನನಗ ಲಾಂಗ್ ಬೆಲ್ ಹೊಡಿಯಾಕ ಬಿಟ್ಟಿದ್ದ. ಹೊಡದ ಮ್ಯಾಲ ಕೈ ಇಡು ಅಂದ. ಇಟ್ಟೆ. ಕೈಯಾಗೆಲ್ಲ ಜುಂ ಅಂತು ಅಕ್ಕಾ.” ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವುದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಎಂಟು ತಿಂಗಳಲ್ಲಿ ಅವನು ಅಪ್ಪನ ಬಗ್ಗೆ ಆಡಿದ ಮೊದಲ ಮಾತು ಇದು.

ಡಿಸೆಂಬರ್ 4

ಹೊಸ್ತಿಲ ಹುಣ್ಣಿಮೆ. ಪಕ್ಕದ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಬರುವ ಗಾಡಿಗಳಿಂದ ಬೆಳಗಿನಿಂದ ರಸ್ತೆ ತುಂಬಿದೆ. ನಾನು ರಜೆ ಹಾಕಿ ಮನೆಯಲ್ಲೇ ಕೂತು ಮೊದಲ ಪುಸ್ತಕದ ವಿಮರ್ಶೆ ಬರೆದೆ. ಮೂರನೇ ಸಲ ಬರೆದದ್ದು.

ಮೊದಲ ಎರಡು ಸಲ ಕಥೆ ಹೇಳಿ, ಚೆನ್ನಾಗಿದೆ ಅಂತ ಮುಗಿಸಿದ್ದೆ. ಏನೋ ಬಿಟ್ಟುಹೋಗಿದೆ ಅನ್ನಿಸುತ್ತಿತ್ತು. ಅದು ಈ ಜಾಗ: ಸಬ್ರಿಯೆಲ್ ಅಪ್ಪನ ಮನೆ ತಲುಪುತ್ತಾಳೆ. ಅಲ್ಲಿ ಮೊಗೆಟ್ ಅನ್ನೋ ಬಿಳಿ ಬೆಕ್ಕು ಇದೆ, ನಿಜವಾಗಿ ಅದು ಬೆಕ್ಕಲ್ಲ. ಅದು ಅವಳನ್ನೇ ‘ಅಬ್‌ಹಾರ್ಸನ್’ ಅಂತ ಕರೆಯುತ್ತದೆ. ಅದು ಅಪ್ಪನ ಹೆಸರು, ನನ್ನದಲ್ಲ ಅನ್ನುವುದು ಅವಳ ವಾದ. ಆದರೆ ಅದು ಹೆಸರಲ್ಲ, ಹುದ್ದೆ. ತಿರುಗಿ ಬಂದವರನ್ನು ಮತ್ತೆ ಹೊಳೆಗೆ ಕಳಿಸುವವರ ಹುದ್ದೆ. ಒಬ್ಬರು ಹೋದ ಮೇಲೆ ಮುಂದಿನವರಿಗೆ ಬರುವುದು. ಹಾಗಾಗಿ ಆ ಹೆಸರನ್ನು ಒಪ್ಪಿಕೊಳ್ಳುವುದು, ಅಪ್ಪ ಹೋದ ಅನ್ನುವುದನ್ನು ಒಪ್ಪಿಕೊಳ್ಳುವುದು, ಎರಡೂ ಒಂದೇ. ಪುಸ್ತಕದ ಅರ್ಧದಷ್ಟು ಅವಳು ಆ ಹೆಸರನ್ನು ದೂರ ತಳ್ಳುತ್ತಲೇ ಇರುತ್ತಾಳೆ.

ಜೂನ್‌ನಲ್ಲಿ ನಾನು ಪೌತಿ ಖಾತೆಗೆ ಅರ್ಜಿ ಹಾಕಲು ಹೋಗಿದ್ದೆ. ನಮ್ಮದು ಎರಡು ಎಕರೆ ಇದೆ, ಪಹಣಿ ಅಪ್ಪನ ಹೆಸರಲ್ಲಿತ್ತು. ಮರಣ ಪ್ರಮಾಣಪತ್ರದ ಜೊತೆ ವಂಶವೃಕ್ಷ ಬೇಕು. ಆ ಹಾಳೆಯಲ್ಲಿ ಮೇಲೆ ಅಪ್ಪನ ಹೆಸರು, ಪಕ್ಕದಲ್ಲಿ ಕಂಸದೊಳಗೆ ‘ಮೃತ’. ಕೆಳಗೆ ಗೆರೆ ಎಳೆದು ಅವ್ವ, ನಾನು, ತಮ್ಮ. ಮನೆಯ ಹಿರಿಯರು ಯಾರು ಬಂದಿದ್ದೀರಿ ಅಂತ ಕಚೇರಿಯ ಕಿಟಕಿಯ ಒಳಗಿನಿಂದ ಕೇಳಿದರು. ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಬೆಕ್ಕು ಕರೆಯುವ ಆ ಪುಟ ಓದಿದಾಗ ನನಗೆ ಆ ಕಿಟಕಿ ನೆನಪಾಯಿತು. ಅಳುವುದಕ್ಕೆ ಮುಂಚೆ ಕೆಲಸ ಬಂದು ಕೈಮೇಲೆ ಕೂರುತ್ತದೆ. ಈ ಪುಸ್ತಕದಲ್ಲಿ ದುಃಖ ಹಾಗೇ ಬರುತ್ತದೆ. ಕೂತು ಕಣ್ಣೀರು ಸುರಿಸುವ ದೃಶ್ಯ ಕಡಿಮೆ. ನಡೆಯಬೇಕು, ಕತ್ತಿ ಹಿಡಿಯಬೇಕು, ಗಂಟೆ ಸರಿಯಾಗಿ ಹಿಡಿಯಬೇಕು. ನಡುನಡುವೆ ಎದೆ ಹಿಂಡುತ್ತದೆ, ಮತ್ತೆ ನಡೆಯಬೇಕು. ಇದನ್ನು ವಿಮರ್ಶೆಯ ಮೊದಲ ಪ್ಯಾರಾದಲ್ಲೇ ಬರೆದೆ. ಆಮೇಲೆ ಉಳಿದದ್ದು ತಾನಾಗಿ ಬಂತು.

ಕೊರತೆಯನ್ನೂ ಬರೆದಿದ್ದೇನೆ. ಟಚ್‌ಸ್ಟೋನ್ ಅನ್ನೋ ಹುಡುಗನ ಜೊತೆಗಿನ ಪ್ರೀತಿ ಅವಸರದಲ್ಲಿ ಆಗುತ್ತದೆ. ನಿನ್ನೆ ಜಗಳ, ಇವತ್ತು ಪ್ರೀತಿ ಅನ್ನೋ ಹಾಗಿದೆ. ಇನ್ನೂ ಹತ್ತು ಪುಟ ಕೊಟ್ಟಿದ್ದರೆ ನಂಬಬಹುದಿತ್ತು. ಅಪ್ಪ ಮಗಳ ಭೇಟಿಗೆ ಮಾತ್ರ ಲೇಖಕರು ಕೊಟ್ಟ ಸಮಯ ಸರಿಯಾಗಿದೆ, ಬಹಳ ಕಡಿಮೆ. ಅಲ್ಲಿ ಏನಾಗುತ್ತದೆ ಅಂತ ನಾನು ಬರೆಯುವುದಿಲ್ಲ.

ಡಿಸೆಂಬರ್ 21

‘ಲಿರೇಲ್’ ಮುಕ್ಕಾಲು ಆಯಿತು. ಮೂರರಲ್ಲಿ ನನಗೆ ಇದೇ ಜಾಸ್ತಿ ಹಿಡಿಸಬಹುದು ಅನ್ನಿಸುತ್ತಿದೆ.

ಲಿರೇಲ್ ಹುಟ್ಟಿದ್ದು ಹಿಮದ ಬೆಟ್ಟದಲ್ಲಿ ವಾಸ ಮಾಡುವ ಕ್ಲೇರ್ ಅನ್ನೋ ಹೆಂಗಸರ ಕುಲದಲ್ಲಿ. ಅವರಿಗೆ ಮುಂದಾಗುವುದು ಕಾಣುತ್ತದೆ. ಅದಕ್ಕೆ ನಾನು ‘ಕಣಿ ಕಾಣುವುದು’ ಅಂತ ಇಟ್ಟಿದ್ದೇನೆ. ಅವಳಿಗಿಂತ ಚಿಕ್ಕವರಿಗೆಲ್ಲ ಅದು ಬಂತು, ಇವಳಿಗೆ ಬರಲಿಲ್ಲ. ಅಪ್ಪ ಯಾರು ಗೊತ್ತಿಲ್ಲ, ಅಮ್ಮ ಬಿಟ್ಟುಹೋಗಿದ್ದಾಳೆ. ಸತ್ತವರಿಗಾಗಿ ಅಳುವುದು ಒಂದು. ತಾನು ಆಗಬೇಕಾಗಿದ್ದ ಒಬ್ಬಳಿಗಾಗಿ ಅಳುವುದು ಇನ್ನೊಂದು. ಈ ಎರಡನೆಯದನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಹದಿಹರೆಯದ ಪುಸ್ತಕ ನಾನು ಬೇರೆ ಓದಿಲ್ಲ.

ಒಂದು ಎಚ್ಚರಿಕೆ. ಹದಿನಾಲ್ಕನೇ ಹುಟ್ಟುಹಬ್ಬದ ದಿನ ಲಿರೇಲ್ ಜೀವ ಕಳೆದುಕೊಳ್ಳುವ ಯೋಚನೆಯಲ್ಲಿ ಬೆಟ್ಟದ ಮೆಟ್ಟಿಲು ಹತ್ತುತ್ತಾಳೆ. ಆ ಭಾಗವನ್ನು ತಮ್ಮನಿಗೆ ಹೇಳುವ ದಿನ ನಾನು ಬೇಗ ಮನೆಗೆ ಬಂದೆ, ಪಕ್ಕದಲ್ಲೇ ಕೂತು ನಿಧಾನಕ್ಕೆ ಹೇಳಿದೆ, ಹೇಳಿದ ಮೇಲೂ ಎದ್ದುಹೋಗಲಿಲ್ಲ. ವಿಮರ್ಶೆಯ ಮೇಲ್ಭಾಗದಲ್ಲೇ ಇದನ್ನು ಬರೆಯುತ್ತೇನೆ: ಮಕ್ಕಳು ಇದನ್ನು ಒಬ್ಬರೇ ಓದಬಾರದು, ಮನೆಯಲ್ಲಿ ದೊಡ್ಡವರೊಬ್ಬರು ಜೊತೆಗೆ ಓದಬೇಕು. ಅವಳನ್ನು ಉಳಿಸುವುದು ಮಂತ್ರವಲ್ಲ, ಒಂದು ನೌಕರಿ. ಲೈಬ್ರರಿಯಲ್ಲಿ ಮೂರನೇ ಸಹಾಯಕಿ, ಹಳದಿ ಕೋಟು. ದಿನಾ ಹೋಗಲು ಒಂದು ಜಾಗ, ಮಾಡಲು ಒಂದು ಕೆಲಸ. ಆಮೇಲೆ ಒಂದು ನಾಯಿಯೂ ಸಿಗುತ್ತದೆ. ಆ ನಾಯಿ ತಮ್ಮನಿಗೆ ಪ್ರಾಣ.

ಇನ್ನೊಂದು ಕಡೆ ಸಬ್ರಿಯೆಲ್‌ನ ಮಗ ಸ್ಯಾಮ್. ಅಮ್ಮನ ನಂತರ ಗಂಟೆಗಳು ಅವನಿಗೇ ಅಂತ ಎಲ್ಲರೂ ತೀರ್ಮಾನ ಮಾಡಿದ್ದಾರೆ. ಅವನಿಗೆ ಸಾವಿನ ಹೊಳೆ ಅಂದರೆ ಮೈ ನಡುಗುತ್ತದೆ. ಅವನ ಕೈ ಓಡುವುದು ಸಣ್ಣ ಸಣ್ಣ ವಸ್ತು, ಯಂತ್ರ ಮಾಡುವುದರಲ್ಲಿ. ಹೇಳಲು ಧೈರ್ಯ ಇಲ್ಲ. ತಮ್ಮನ ಗೆಳೆಯನೊಬ್ಬ ಕಿನ್ನಾಳದ ಚಿತ್ರಗಾರರ ಮನೆಯವನು, ಗೊಂಬೆ ಮಾಡುವ ಮನೆತನ. ಅವನಿಗೆ ಮಿಲಿಟರಿ ಸೇರುವ ಆಸೆ. “ಅವಾ ಸ್ಯಾಮ್‌ನ ಉಲ್ಟಾ ಅದಾನ ನೋಡು” ಅಂದ ತಮ್ಮ. ಸ್ವಲ್ಪ ಹೊತ್ತು ಬಿಟ್ಟು, “ನನಗ ಅಪ್ಪನ ನೌಕರಿ ಕೊಡ್ತಾರಂತ ಎಲ್ಲಾರೂ ಅಂತಾರ. ನನಗ ಬ್ಯಾಡ ಅಕ್ಕಾ, ನಾ ಐಟಿಐ ಮಾಡ್ತೀನಿ” ಅಂದ. ಬಂದವರೆಲ್ಲ ಅವನ ಎದುರಿಗೇ ಆ ಮಾತು ಆಡಿದ್ದರು. ಅವನನ್ನು ಕೇಳಬೇಕು ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ. ಆಯ್ತು, ಅವ್ವನಿಗೆ ನಾನು ಹೇಳ್ತೀನಿ ಅಂದೆ. ಆ ರಾತ್ರಿಯೇ ಹೇಳಿದೆ.

ಜನವರಿ 11

ಕೊಪ್ಪಳದ ಗವಿಮಠದ ಜಾತ್ರೆಯ ಗದ್ದಲದಲ್ಲಿ ಒಂದು ವಾರ ಓದು ನಿಂತಿತ್ತು. ಮನೆ ತುಂಬ ನೆಂಟರು. ತಮ್ಮ ನೆಂಟರ ಹುಡುಗರನ್ನು ಕೂರಿಸಿಕೊಂಡು ಏಳು ಗಂಟೆಗಳ ಹೆಸರು ಹೇಳಿಕೊಡುತ್ತಿದ್ದ. ಡೈರಿಮ್ ಮರೆತಿದ್ದ, ನಾನು ಅಡುಗೆಮನೆಯಿಂದ ಕೂಗಿ ಹೇಳಿದೆ.

‘ಲಿರೇಲ್’ ಮುಗಿದಿದೆ, ವಿಮರ್ಶೆ ಅರ್ಧ ಆಗಿದೆ. ಒಂದು ದೂರು ಇದೆ. ಈ ಪುಸ್ತಕ ಮುಗಿಯುವುದಿಲ್ಲ, ನಿಲ್ಲುತ್ತದೆ. ಎರಡನೆಯದೂ ಮೂರನೆಯದೂ ನಿಜವಾಗಿ ಒಂದೇ ಕಥೆ, ನಡುವೆ ಕತ್ತರಿಸಿದ್ದಾರೆ. ಓದುವವರು ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಶುರು ಮಾಡಲಿ. ನಡುವಿನ ಕೆಲವು ಪ್ರಯಾಣದ ಅಧ್ಯಾಯಗಳನ್ನು ನಾನು ತಮ್ಮನಿಗೆ ಎರಡು ಮಾತಿನಲ್ಲಿ ಹೇಳಿ ಮುಗಿಸಿದೆ, ಕಥೆಗೆ ಏನೂ ಕಮ್ಮಿಯಾಗಲಿಲ್ಲ.

ನೋಟ್‌ಬುಕ್‌ನಲ್ಲಿ 88 ಪುಟ ತುಂಬಿದೆ. ಕೊನೆಯ ಎರಡು ಹಾಳೆಯಲ್ಲಿ ಶಬ್ದಗಳ ಪಟ್ಟಿ: ಇಂಗ್ಲಿಷ್ ಶಬ್ದ, ನಾನು ಇಟ್ಟ ಕನ್ನಡ, ತಮ್ಮ ಒಪ್ಪಿದನೋ ಇಲ್ಲವೋ. ‘ಕಣಿ ಕಾಣುವುದು’ ಅವನಿಗೆ ಇನ್ನೂ ಒಪ್ಪಿಗೆ ಇಲ್ಲ. ‘ಸಾವಿನ ಹೊಳೆ’ ಎದುರಿಗೆ ಪೆನ್ಸಿಲ್‌ನಲ್ಲಿ ಸರಿ ಗುರುತು ಹಾಕಿದ್ದಾನೆ.

‘ಅಬ್‌ಹಾರ್ಸನ್’ ನಿನ್ನೆಯಿಂದ ನನ್ನ ಮೇಜಿನ ಮೇಲಿಲ್ಲ. ತಮ್ಮ ಒಯ್ದಿದ್ದಾನೆ. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಬೆರಳಿಟ್ಟು ಓದುತ್ತಿದ್ದಾನೆ, ಒಂದು ದಿನಕ್ಕೆ ಎರಡು ಪುಟ. ನಾಯಿಗೆ ಏನೂ ಆಗುವುದಿಲ್ಲ ಅಲ್ವಾ ಅಂತ ಇವತ್ತು ಎರಡು ಸಲ ಕೇಳಿದ. ಓದು, ನೋಡೋಣ ಅಂದೆ.