ಬೇಕಲದ ಗೋಡೆಯ ಕಿಂಡಿ

ಇವತ್ತು ಹಳೇ ಕಾರಿನ ಗೆಳೆಯರೆಲ್ಲ ಕಾಸರಗೋಡಿನಿಂದ ಬೇಕಲ ಕೋಟೆಗೆ. ಏಳು ಕಾರು, ಅಪ್ಪನ ಪದ್ಮಿನಿ ಎಲ್ಲಕ್ಕಿಂತ ಹಿಂದೆ.

ಊಟ ದಾರಿಯಲ್ಲೇ, ಗೆಳೆಯನ ಮನೆ ಚಾವಡಿಯಲ್ಲಿ. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಹಲಸಿನ ಹಪ್ಪಳ. ಹಪ್ಪಳ ಎಷ್ಟು ತಿಂದೆವೋ!

ಕೋಟೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಡೆಯ ಕಿಂಡಿಗಳು. ಮೇಲಿನದರಲ್ಲಿ ಕಣ್ಣಿಟ್ಟರೆ ದೂರ ಕಾಣುತ್ತದೆ. ನಡುವಿನದರಲ್ಲಿ ಸ್ವಲ್ಪ ಹತ್ತಿರ. ಕೆಳಗಿನದಕ್ಕೆ ಮೊಣಕಾಲೂರಿ ಬಗ್ಗಿದೆ, ಬುಡದ ಹುಲ್ಲು ಕಂಡಿತು. ವೈರಿ ಎಲ್ಲಿದ್ದರೂ ಗುರಿ ತಪ್ಪಬಾರದು ಅಂತ ಹಾಗೆ ಬಿಟ್ಟದ್ದು.

1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ. ಕೆಂಪು ಮುರಕಲ್ಲು. ನಮ್ಮ ಮನೆ ಗೋಡೆಯದೂ ಅದೇ. ಅಂಗೈ ಇಟ್ಟೆ, ಬಿಸಿಲಿಗೆ ಬೆಚ್ಚಗಿತ್ತು. ಈ ಕಲ್ಲು ಕಡಿದವರು ಯಾರೋ, ಯಾವ ಊರಿನವರೋ.

ಅಪ್ಪ ಹಾರ್ನ್ ಹಾಕುವವರೆಗೂ ಕೈ ತೆಗೆಯಲು ಮನಸ್ಸಾಗಲಿಲ್ಲ.