ಹತ್ತು ಋತುಗಳ ತೋಟ

ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ ಹೊರಟರೆ ಶ್ವೇಬಿಷ್ ಆಲ್ಬ್ ಬೆಟ್ಟಸಾಲು ಸಿಗುತ್ತದೆ. ಅದರ ಬುಡದ ಹಳ್ಳಿಗಳ ಸುತ್ತ ಎಲ್ಲಿ ನೋಡಿದರೂ ಸೇಬಿನ ಮರ. ಮೇಲೆ ಹಣ್ಣು, ಕೆಳಗೆ ಹುಲ್ಲು. ಅಂಥ ಒಂದು ಉದ್ದನೆಯ ಪಟ್ಟಿ ನಮ್ಮ ಅತ್ತೆ-ಮಾವನದು. ಅತ್ತೆ ಇದೇ ಹಳ್ಳಿಯವರು, ತೋಟ ಅವರ ತವರಿನ ಕಡೆಯಿಂದ ಬಂದ ಪಾಲು. ಈ ವ್ಯುರ್ಟೆಂಬೆರ್ಗ್ ಸೀಮೆಯಲ್ಲಿ ಹಿಂದೆ ಜಮೀನನ್ನು ಎಲ್ಲ ಮಕ್ಕಳಿಗೂ ಸಮನಾಗಿ ಹಂಚುವ ಪದ್ಧತಿ ಇತ್ತು. ತಲೆಮಾರು ಕಳೆದಂತೆ ಹೊಲಗಳು ಅಗಲ ಕಳೆದುಕೊಂಡು ಉದ್ದ ಮಾತ್ರ ಉಳಿಸಿಕೊಂಡವು.

‘ಅಲ್ಲಿ ನಾಲ್ಕು ಋತು ಅಲ್ವಾ?’ ಅಂತ ಊರಿನಿಂದ ಎಲ್ಲರೂ ಕೇಳುತ್ತಾರೆ. ತೋಟದ ಲೆಕ್ಕದಲ್ಲಿ ಹತ್ತು. ಇದು ಅತ್ತೆಯ ಸ್ವಂತ ಲೆಕ್ಕವಲ್ಲ, ಜರ್ಮನಿಯ ಹವಾಮಾನ ಇಲಾಖೆಯೇ ಗಿಡಮರಗಳನ್ನು ನೋಡಿ ವರ್ಷವನ್ನು ಹತ್ತು ಭಾಗ ಮಾಡಿದೆ. ಹೇಜಲ್ ಗಿಡ ಹೂ ಬಿಟ್ಟರೆ ವಸಂತದ ಮೊದಲ ಕಂತು. ಹಳದಿ ಫೋರ್ಸಿಥಿಯಾ ಅರಳಿದರೆ ಎರಡನೆಯದು, ಸೇಬು ಹೂವಾದರೆ ಮೂರನೆಯದು. ಎಲ್ಡರ್ ಹೂವಿನಿಂದ ಬೇಸಿಗೆ ಶುರು. ಹೀಗೇ ಓಕ್ ಎಲೆ ಬಣ್ಣ ತಿರುಗುವ ತನಕ ಒಂಬತ್ತು, ಆಮೇಲೆ ಚಳಿಗಾಲ. ದೇಶದ ತುಂಬ ಇರುವ ಸ್ವಯಂಸೇವಕರು ತಮ್ಮೂರಲ್ಲಿ ಯಾವ ಗಿಡ ಯಾವತ್ತು ಹೂ ಬಿಟ್ಟಿತು ಎಂದು ಇಲಾಖೆಗೆ ತಿಳಿಸುತ್ತಾರೆ. ನಮ್ಮ ರೈತರು ಭರಣಿ, ಕೃತ್ತಿಕೆ, ರೋಹಿಣಿ ಅಂತ ಮಳೆ ಎಣಿಸುವುದಿಲ್ಲವೇ, ಹಾಗೆ. ಒಂದೇ ವ್ಯತ್ಯಾಸ, ಮಳೆ ನಕ್ಷತ್ರಕ್ಕೆ ಪಂಚಾಂಗದಲ್ಲಿ ತಾರೀಕು ಇರುತ್ತದೆ. ಇಲ್ಲಿ ಗಿಡ ಹೇಳಿದ್ದೇ ತಾರೀಕು. ಅದಕ್ಕೇ ಅತ್ತೆಯ ಬಾಯಲ್ಲಿ ‘ಮಾರ್ಚ್‌ನಲ್ಲಿ ಗುಲಾಬಿ ಕತ್ತರಿಸು’ ಅನ್ನುವ ಮಾತೇ ಬರುವುದಿಲ್ಲ. ‘ಫೋರ್ಸಿಥಿಯಾ ಬಂತಾ? ಹಾಗಾದ್ರೆ ಕತ್ತರಿ ತಗೋ’ ಅಷ್ಟೇ.

ತಾರೀಕಿಗೆ ಅವರು ಮರ್ಯಾದೆ ಕೊಡುವುದು ಮೇ ತಿಂಗಳಲ್ಲಿ. 11ರಿಂದ 15ರವರೆಗೆ ಐವರು ಸಂತರ ದಿನಗಳು ಬರುತ್ತವೆ. ಐಸ್‌ಹೈಲಿಗೆ, ಅಂದರೆ ಹಿಮದ ಸಂತರು. ಕೊನೆಯವಳು ಸೋಫಿ. ಅವಳು ಹೋಗುವ ತನಕ ಟೊಮೆಟೊ, ಬೀನ್ಸ್, ಸೌತೆ ಯಾವುದೂ ಮಣ್ಣಿಗೆ ಇಳಿಯುವುದಿಲ್ಲ. ಮಾರ್ಚ್‌ನಲ್ಲೇ ಬಿತ್ತಿದ ಟೊಮೆಟೊ ಸಸಿಗಳು ಅಷ್ಟೂ ದಿನ ಮನೆಯ ಕಿಟಕಿಗಳನ್ನೆಲ್ಲ ಆಕ್ರಮಿಸಿಕೊಂಡಿರುತ್ತವೆ. ಹೊರಗೆ ಒಳ್ಳೆ ಬಿಸಿಲು ಬಿದ್ದಾಗ ಇದೇನು ಹಟ ಅಂತ ಅನಿಸುತ್ತದೆ. ಆದರೆ 2024ರ ಏಪ್ರಿಲ್ ನೆನೆಸಿಕೊಂಡರೆ ಬಾಯಿ ಮುಚ್ಚಿಕೊಳ್ಳಬೇಕು. ಆ ವರ್ಷ ತಿಂಗಳ ಮೊದಲಲ್ಲೇ ಸೆಕೆ ಬಂದು ಸೇಬು ಬೇಗ ಹೂವಾಯಿತು. ತಿಂಗಳ ಕೊನೆಯ ಹೊತ್ತಿಗೆ ರಾತ್ರಿಯ ಚಳಿ ಸೊನ್ನೆಗಿಂತ ಕೆಳಗೆ ಇಳಿಯಿತು. ಅರಳಿದ ಹೂವಿಗೆ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಇಳಿದರೂ ಸಾಕು, ಒಳಭಾಗ ಕಪ್ಪಾಗುತ್ತದೆ. ದಳ ಬೆಳ್ಳಗೆ ಚೆನ್ನಾಗಿಯೇ ಕಾಣುತ್ತಿತ್ತು, ಕಾಯಿ ಮಾತ್ರ ಕಟ್ಟಲಿಲ್ಲ. 2017ರಲ್ಲೂ ಹೀಗೇ ಆಗಿತ್ತಂತೆ.

ಜೂನ್ ನನ್ನ ಇಷ್ಟದ ತಿಂಗಳು. ರಾತ್ರಿ ಒಂಬತ್ತರ ಮೇಲೂ ಬೆಳಕು. ಎಲ್ಡರ್ ಹೂವಿನ ಗೊಂಚಲನ್ನು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ, ಥೇಟ್ ಬಜ್ಜಿ! ಸಕ್ಕರೆ ಉದುರಿಸುವುದು ಅವರ ಪದ್ಧತಿ, ನನ್ನ ಪಾಲಿಗೆ ಖಾರದಪುಡಿ. ಜುಲೈ, ಆಗಸ್ಟ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ನೀರು ಹೊರುವುದು, ಬಸವನಹುಳ ಹಿಡಿಯುವುದು, ಯಾರಿಗೂ ಬೇಡವಾದ ಜುಕಿನಿಯನ್ನು ಅಕ್ಕಪಕ್ಕದವರ ತಲೆಗೆ ಕಟ್ಟುವುದು.

ನನ್ನದೂ ಒಂದು ಮಡಿ ಇದೆ. ಮೆಂತ್ಯ, ಕೊತ್ತಂಬರಿ ಯಾವ ತಕರಾರೂ ಇಲ್ಲದೆ ಬರುತ್ತವೆ. ಅವರೆಯದು ಬೇರೆ ಕಥೆ. ಬಳ್ಳಿ ಬೇಲಿಯೆಲ್ಲ ತುಂಬುತ್ತದೆ, ಹೂವೇ ಇಲ್ಲ. ನಮ್ಮ ಹಳೆಯ ಅವರೆ ತಳಿಗಳಿಗೆ ಹಗಲು ಚಿಕ್ಕದಾದರೇ ಹೂ ಬಿಡುವ ಬುದ್ಧಿ. ಇಲ್ಲಿ ಜೂನ್‌ನ ಹಗಲು ಹದಿನಾರು ಗಂಟೆ. ಹಗಲು ಕುಗ್ಗಿ ಅದಕ್ಕೆ ಮನಸ್ಸು ಬರುವಷ್ಟರಲ್ಲಿ ಚಳಿ ಬಂದು ಬಳ್ಳಿಯನ್ನೇ ಸುಟ್ಟಿರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿಗೆ ಈ ಹಗಲಿನ ಹಂಗಿಲ್ಲ. ಆದರೆ ಬೀಜವನ್ನು ಸುಮ್ನೆ ಸೂಟ್‌ಕೇಸಿಗೆ ಹಾಕಿಕೊಂಡು ಬರುವ ಹಾಗಿಲ್ಲ. 2019ರ ಡಿಸೆಂಬರ್‌ನಿಂದ ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ ಬಿತ್ತನೆ ಬೀಜ ತರಲು ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಇಲ್ಲಿಗೆ ಬರುವ ನೆಂಟರಿಗೆಲ್ಲ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಸೆಪ್ಟೆಂಬರ್, ಅಕ್ಟೋಬರ್ ಪೂರ್ತಿ ಸೇಬಿನದು. ಮೊದಲು ಯಾಕೋಬ್ ಫಿಷರ್ ತಳಿ, ಕೊನೆಗೆ ಗೆವ್ಯುರ್ಟ್ಸ್‌ಲೂಯಿಕೆ, ಬೋಸ್ಕೋಪ್. ಬಿದ್ದ ಹಣ್ಣನ್ನು ಚೀಲಕ್ಕೆ ತುಂಬಿ ಪಕ್ಕದ ಹಳ್ಳಿಯ ಗಾಣಕ್ಕೆ ಒಯ್ಯುತ್ತೇವೆ. ನೂರು ಕಿಲೋಗೆ ಅರವತ್ತು ಲೀಟರಿನ ಮೇಲೆ ರಸ ಬರುತ್ತದೆ. ಅದನ್ನು ಬಿಸಿ ಮಾಡಿ ಚೀಲದಲ್ಲಿ ತುಂಬಿ ಕೊಡುತ್ತಾರೆ, ತೆರೆಯದಿದ್ದರೆ ವರ್ಷವಾದರೂ ಕೆಡುವುದಿಲ್ಲ. ಈಗೀಗ ಕೊಯ್ಯಲು ಜನವಿಲ್ಲದ ಮರಗಳೂ ಇವೆ. ಅಂಥ ಮರಕ್ಕೆ ಮಾಲೀಕರೇ ಹಳದಿ ಪಟ್ಟಿ ಕಟ್ಟಿಬಿಡುತ್ತಾರೆ. ಪಟ್ಟಿ ಇದ್ದರೆ ಯಾರು ಬೇಕಾದರೂ ಕೊಯ್ಯಬಹುದು, ಕೇಳಬೇಕಾಗಿಲ್ಲ.

ನವೆಂಬರ್‌ನಲ್ಲಿ ಮಳೆನೀರಿನ ಡ್ರಮ್ಮು ಖಾಲಿ ಮಾಡಿ ಕವುಚಿ ಹಾಕಬೇಕು, ಇಲ್ಲದಿದ್ದರೆ ನೀರು ಹೆಪ್ಪುಗಟ್ಟಿ ಸೀಳಿಬಿಡುತ್ತದೆ. ಡೇಲಿಯಾ ಗೆಡ್ಡೆ ಅಗೆದು ನೆಲಮಾಳಿಗೆಗೆ. ಒಣ ಎಲೆಯ ರಾಶಿಯನ್ನು ಮಾತ್ರ ಮೂಲೆಯಲ್ಲಿ ಹಾಗೇ ಬಿಡುತ್ತಾರೆ, ಮುಳ್ಳುಹಂದಿಯ ದೂರದ ನೆಂಟನಂತೆ ಕಾಣುವ ಪುಟ್ಟ ಹೆಜ್‌ಹಾಗ್ ಅದರೊಳಗೆ ಚಳಿಗಾಲವಿಡೀ ಮಲಗುತ್ತದೆ.

ಚಳಿಗಾಲ ಅಂದರೆ ರಜೆ ಅಂದುಕೊಳ್ಳಬೇಡಿ. ಎಳೆ ಮರಗಳ ಕಾಂಡಕ್ಕೆ ಸುಣ್ಣ ಬಳಿಯುವುದು ಆಗಲೇ. ಹಗಲಿನ ಬಿಸಿಲಿಗೆ ತೊಗಟೆ ಕಾದು, ರಾತ್ರಿ ಹೆಪ್ಪುಗಟ್ಟಿದರೆ ಬಿರುಕು ಬಿಡುತ್ತದೆ, ಬಿಳಿ ಬಣ್ಣ ಬಿಸಿಲನ್ನು ತಡೆಯುತ್ತದೆ. ಬೇಲಿಯ ದೊಡ್ಡ ಕತ್ತರಿ ಕೆಲಸವೂ ಫೆಬ್ರವರಿ ಒಳಗೇ ಮುಗಿಯಬೇಕು. ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಹಕ್ಕಿ ಗೂಡಿನ ಸಲುವಾಗಿ ಕಾನೂನೇ ಅಡ್ಡ ಬರುತ್ತದೆ, ತುದಿ ಸವರಬಹುದು ಅಷ್ಟೇ. ಸೇಬಿನ ಕೊಂಬೆ ಕತ್ತರಿಸುವಾಗ ಪ್ರತಿ ವರ್ಷ ಅತ್ತೆ-ಮಾವನಿಗೆ ಜಗಳ. ಮಾವ ಏಣಿಯ ಮೇಲೆ, ಅತ್ತೆ ಕೆಳಗೆ. ‘ಅದಲ್ಲ, ಪಕ್ಕದ್ದು!’ ಅಂತ ಕೂಗುವಷ್ಟರಲ್ಲಿ ಕೊಂಬೆ ಬಿದ್ದಿರುತ್ತದೆ. ನಾನು ಮಾತ್ರ ಯಾರ ಪಕ್ಷವನ್ನೂ ಹಿಡಿಯದೆ ಕಡ್ಡಿ ಆರಿಸುತ್ತಿರುತ್ತೇನೆ.