ಕಸ್ತೂರಿಯೋ ಕೋಳಿಯೋ?

ಎರಡನೇ ತರಗತಿಗೆ 'ಬಣ್ಣದ ತಗಡಿನ ತುತ್ತೂರಿ' ಕಲಿಸುವುದು ಕಷ್ಟವೇನಲ್ಲ. ಜಿ.ಪಿ. ರಾಜರತ್ನಂ ಬರೆದ ಆ ಪದ್ಯ ಮಕ್ಕಳ ಬಾಯಿಗೆ ತಾನಾಗೇ ಬರುತ್ತದೆ. ಕಷ್ಟ ಇರೋದು ಆಮೇಲೆ. ರಾಗವಾಗಿ ಒಪ್ಪಿಸುತ್ತಾರೆ, ಪದ್ಯದ ಹುಡುಗ ಕಸ್ತೂರಿಗೆ ಏನಾಯ್ತು ಅಂತ ಕೇಳಿದರೆ ಪಕ್ಕದವರ ಮುಖ ನೋಡುತ್ತಾರೆ. ಅದಕ್ಕೇ ಈ ಸಲ ಟ್ಯಾಬ್ ತೆಗೆದೆ.

ಸ್ಕ್ರಾಚ್ ಜೂನಿಯರ್ ಅಂತ ಒಂದು ಆ್ಯಪ್ ಇದೆ. 5ರಿಂದ 7 ವರ್ಷದ ಮಕ್ಕಳಿಗೆಂದೇ ಮಾಡಿದ್ದು, ದುಡ್ಡು ಕೊಡಬೇಕಿಲ್ಲ. ಬಣ್ಣದ ತುಂಡುಗಳನ್ನು ಎಳೆದು ಜೋಡಿಸಿದರೆ ಚಿತ್ರ ನಡೆಯುತ್ತದೆ, ಜಿಗಿಯುತ್ತದೆ. ಮಕ್ಕಳ ದನಿಯನ್ನೂ ಸೇರಿಸಬಹುದು. ಆದರೆ ಒಂದು ಕಥೆಗೆ ನಾಲ್ಕೇ ಪುಟ. ನನಗೆ ಬೇಕಾಗಿದ್ದೂ ಅದೇ. ಇಡೀ ಪದ್ಯ ನಾಲ್ಕು ಪುಟದಲ್ಲಿ ಹಿಡಿಸಬೇಕು ಅಂದರೆ ಎಲ್ಲಿ ಕತ್ತರಿಸೋದು ಅಂತ ಯೋಚಿಸಲೇಬೇಕಲ್ವಾ? ಕಸ್ತೂರಿ ತುತ್ತೂರಿ ಕೊಳ್ಳುವುದು, ಬೀದಿಯಲ್ಲಿ ಮೆರೆಯುವುದು, ತುತ್ತೂರಿ ಕೊಳಕ್ಕೆ ಜಾರುವುದು, ಅದರ ದನಿ ಬಣ್ಣ ಎರಡೂ ಹೋಗುವುದು. ಗಲಾಟೆ ಮಾಡಿಕೊಂಡೇ ಅವರೇ ವಿಂಗಡಿಸಿದರು.

ಎರಡನೇ ಪುಟಕ್ಕೆ ಬಂದಾಗ ಜಗಳ ಶುರುವಾಯ್ತು. ಒಬ್ಬಳು ಬೀದಿಯ ಮಧ್ಯೆ ಕೆಂಪು ಜುಟ್ಟಿನ ದೊಡ್ಡ ಹುಂಜ ಬರೆದಿಟ್ಟಳು. ಯಾಕೆ ಅಂದೆ.

"ಜಂಬದ ಕೋಳಿ ಅಂತ ಇದೆಯಲ್ಲ ಮಿಸ್."

ಹಿಂದಿನಿಂದ ಒಬ್ಬ, "ಅದು ಕೋಳಿ ಅಲ್ಲ ಕಣೇ, ಕಸ್ತೂರಿನೇ ಕೋಳಿ ಥರ ನಡೀತಾನೆ" ಅಂದ.

"ಹಂಗಾದ್ರೆ ನಡೆದು ತೋರ್ಸು."

ಅವನು ಎದೆ ಉಬ್ಬಿಸಿ, ಕತ್ತು ಮೇಲೆತ್ತಿ, ಒಂದೊಂದೇ ಕಾಲು ಎತ್ತಿಡುತ್ತಾ ಡೆಸ್ಕುಗಳ ನಡುವೆ ಹೋಗಿ ಬಂದ. ಅವಳು ನೋಡಿದಳು. ಹುಂಜವನ್ನು ಅಳಿಸಿ, ಕಸ್ತೂರಿಯ ಕತ್ತು ಉದ್ದ ಮಾಡಿದಳು. ಹೋಲಿಕೆ ಅಂದರೇನು ಅಂತ ನಾನು ಬೋರ್ಡಿನ ಮೇಲೆ ಬರೆಯುವ ಕೆಲಸ ಅಲ್ಲಿಗೆ ತಪ್ಪಿತು.

ನೀರು ಹೊಕ್ಕ ತುತ್ತೂರಿಯ ಸದ್ದಿಗೆ ಬಾಯಿ ತುಂಬ ನೀರು ಹಾಕಿಕೊಂಡು ಗೊಳಗೊಳ ಮಾಡಿದರು. ಟ್ಯಾಬ್ ಒದ್ದೆಯಾಗದಂತೆ ಹಿಡಿದು ನಿಲ್ಲುವುದೇ ನನಗೊಂದು ಕೆಲಸ. ನಡುವೆ ಬಿಸಿಯೂಟದ ಕುಕ್ಕರ್ ಬೇರೆ ಕೂಗಿ, ಅದೂ ರೆಕಾರ್ಡ್ ಆಯ್ತು. ಅಳಿಸೋಣ ಅಂದೆ, ಬೇಡವೇ ಬೇಡ ಅಂದರು. ತಮ್ಮ ದನಿ ಕೇಳಿಸಿಕೊಂಡಾಗ ಮಾತ್ರ ಸುಮ್ನಾದರು. ಪದ್ಯವನ್ನು ಓಡಿಸಿಕೊಂಡು ಹೇಳಿದ್ದು ಅವರಿಗೇ ಗೊತ್ತಾಯ್ತು. ಮತ್ತೆ ಹೇಳಿದಾಗ ಸಾಲಿನ ಕೊನೆಗೆ ನಿಲ್ಲುತ್ತಿದ್ದರು.

ಯಾವುದೋ ಸಿದ್ಧ ವಿಡಿಯೋ ಹಾಕಿದ್ದರೆ ಬೇಗ ಮುಗಿಯುತ್ತಿತ್ತು ನಿಜ. ಆದರೆ ಅದರಲ್ಲಿ ಕಸ್ತೂರಿ ಹೇಗಿದ್ದಾನೆ ಅಂತ ಬೇರೆ ಯಾರೋ ಆಗಲೇ ತೀರ್ಮಾನ ಮಾಡಿರುತ್ತಾರೆ. ಇನ್ನೊಂದು ಮಾತು: ತರಗತಿಗೆ ಒಂದೇ ಟ್ಯಾಬ್ ಇದ್ದದ್ದು ಒಳ್ಳೆಯದೇ ಆಯ್ತು. ಒಬ್ಬೊಬ್ಬರಿಗೆ ಒಂದೊಂದು ಇದ್ದಿದ್ದರೆ ಆ ಕೋಳಿ ಜಗಳ ಎಲ್ಲಿ ನಡೆಯುತ್ತಿತ್ತು?

ಮುಂದಿನದು 'ನಾಯಿಮರಿ'. ಅದೂ ರಾಜರತ್ನಂ ಅವರದೇ, ಪ್ರಶ್ನೆ ಉತ್ತರದ ಪದ್ಯ. ಪ್ರಶ್ನೆ ಕೇಳೋಕೆ ಮಾತ್ರ ಯಾರೂ ಸಿಗುತ್ತಿಲ್ಲ. ಎಲ್ಲರೂ ನಾಯಿಮರಿಯೇ ಆಗಬೇಕಂತೆ.